ಹಂಪಿಯಲ್ಲಿ ಮಕ್ಕಳು ಬೆನ್ನು ಹತ್ತಿದರೆ ದುಡ್ಡು ಕೊಡಬೇಕಾ, ಬೇಡ್ವಾ?

ನಾನು ಹೊಸಪೇಟೆ ಕಡೆಯವಳು ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಇದು. ಹಂಪಿಯಲ್ಲಿ ಮಕ್ಕಳು ಮ್ಯಾಪು, ಪೋಸ್ಟ್‌ಕಾರ್ಡು ಹಿಡಿದು ಹಿಂದೆಯೇ ಬರುತ್ತಾರೆ. ತಗೊಳ್ಳಬೇಕಾ? ಸುಮ್ನೆ ಹತ್ತು ರೂಪಾಯಿ ಕೊಟ್ಟು ಕಳಿಸಬೇಕಾ?

ಮಗುವಿನ ಕೈಗೆ ಕೊಡಬೇಡಿ. ಅದರ ಅವ್ವ ಅಲ್ಲೇ ಎಲ್ಲೋ ಎಳನೀರೋ ಸೌತೆಕಾಯೋ ಮಾರುತ್ತಿರುತ್ತಾಳೆ. ಅವಳ ಹತ್ತಿರ ಕೊಳ್ಳಿ, ಚೌಕಾಸಿ ಮಾಡಬೇಡಿ.

ಯಾಕೆ ಅಂತ ಹೇಳುತ್ತೇನೆ. ಹಂಪಿಯಲ್ಲಿ ದುಡಿಮೆ ಇರುವುದು ನವೆಂಬರಿನಿಂದ ಫೆಬ್ರುವರಿವರೆಗೆ. ಆಮೇಲೆ ಬಂಡೆಗಳೆಲ್ಲ ಕಾದು ಕುಳಿತಿರುತ್ತವೆ, ಮಧ್ಯಾಹ್ನ ಒಂದು ನರಪಿಳ್ಳೆ ಓಡಾಡುವುದಿಲ್ಲ. ಶಾಲೆಗೆ ದೊಡ್ಡ ರಜೆ ಸಿಗುವುದು ಏಪ್ರಿಲ್-ಮೇ ತಿಂಗಳಲ್ಲಿ, ಅಂದರೆ ಪ್ರವಾಸಿಗರೇ ಇಲ್ಲದಾಗ. ನಾಲ್ಕು ಕಾಸು ಸಿಗುವ ತಿಂಗಳುಗಳಲ್ಲಿ ಪಾಠ ಜೋರಾಗಿ ನಡೆಯುತ್ತಿರುತ್ತದೆ. ಡಿಸೆಂಬರಿನಲ್ಲಿ ತಪ್ಪಿಸಿಕೊಂಡ ಪಾಠ ಮಾರ್ಚಿನ ಪರೀಕ್ಷೆಗೆ ಎಲ್ಲಿಂದ ಬರಬೇಕು?

ವಿಜಯ ವಿಠ್ಠಲ ದೇವಸ್ಥಾನದ ಕಡೆ ಒಬ್ಬ ತಾಯಿ-ಮಗಳನ್ನು ನೋಡಿದ್ದೆ. ಹುಡುಗಿಗೆ ಒಂಬತ್ತೋ ಹತ್ತೋ ಇರಬಹುದು. ಸೌತೆಕಾಯಿಯನ್ನು ನಾಲ್ಕು ಸೀಳು ಮಾಡಿ ಉಪ್ಪು-ಖಾರ ಸವರುತ್ತಿದ್ದಳು, ಕಣ್ಣು ಮಾತ್ರ ಮುಂದಿನ ಆಟೋ ಮೇಲೆ. ಇಳಿದವರ ಮುಖ ನೋಡಿಯೇ ಹಿಂದಿಯೋ ತೆಲುಗೋ ಇಂಗ್ಲಿಷೋ ಅಂತ ತೀರ್ಮಾನಿಸಿ ಕರೆಯುತ್ತಿದ್ದಳು. ಸ್ಕೂಲಿಗೆ ಹೋಗಲ್ವಾ ಅಂತ ಕೇಳಿದೆ. ಉತ್ತರ ಕೊಟ್ಟಿದ್ದು ತಾಯಿ: "ನಾನು ಕರೆದ್ರೆ ಯಾರೂ ನಿಲ್ಲಂಗಿಲ್ರೀ ಅಕ್ಕಾರೆ, ಇಕಿ ಕರೆದ್ರೆ ನಿಲ್ತಾರ."

ಆ ಮಾತು ನನ್ನನ್ನು ಇವತ್ತಿಗೂ ಕಾಡುತ್ತದೆ. ತಾಯಿಗೆ ಸಿಗದ ಗಿರಾಕಿ ಮಗಳಿಗೆ ಸಿಗುತ್ತಾನೆ ಅಂದಮೇಲೆ ಮಗಳನ್ನು ಶಾಲೆಗೆ ಕಳಿಸುವುದು ಆ ಮನೆಗೆ ನಷ್ಟ. ಆ ಲೆಕ್ಕವನ್ನು ತಿರುಗಿಸುವ ಶಕ್ತಿ ಕೊಳ್ಳುವ ನಮ್ಮ ಕೈಯಲ್ಲೂ ಇದೆ.

ಮೊದಲು ವಿರೂಪಾಕ್ಷನ ಗುಡಿ ಎದುರಿನ ಬಜಾರಿನಲ್ಲೇ ಎಷ್ಟೋ ಕುಟುಂಬಗಳಿದ್ದವು. ಕಲ್ಲಿನ ಸಾಲುಮಂಟಪಗಳಲ್ಲಿ ಮುಂದೆ ಅಂಗಡಿ, ಹಿಂದೆ ಮನೆ. ಶಾಲೆ ಬಿಟ್ಟ ಮಗು ಅವ್ವನ ಕಣ್ಣೆದುರೇ ಇರುತ್ತಿತ್ತು. ಸ್ಮಾರಕ ಉಳಿಸಬೇಕೆಂದು 2011ರ ಜುಲೈನಲ್ಲಿ ಅವರನ್ನು ಎಬ್ಬಿಸಿ, ಆಮೇಲೆ ಕಡ್ಡಿರಾಂಪುರದ ಕಡೆ ಜಾಗ ಕೊಟ್ಟರು. ಹೊಟ್ಟೆಪಾಡು ಇಲ್ಲೇ ಉಳಿಯಿತು, ಮನೆ ದೂರವಾಯಿತು. ಅದೇ ತಿಂಗಳು ಸುಪ್ರೀಂ ಕೋರ್ಟ್, ಹಂಪಿ ಆಗ ಸೇರಿದ್ದ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಬೇಕಾದದ್ದೇ. ಆದರೆ ಅದಿರಿನ ಲಾರಿ ನಂಬಿದ್ದ ಅಪ್ಪಂದಿರೂ ಕೈಕಟ್ಟಿ ಕುಳಿತರು. ಸ್ಮಾರಕವೂ ಉಳಿಯಲಿ, ಬೆಟ್ಟವೂ ಉಳಿಯಲಿ. ಅದರ ಬೆಲೆಯನ್ನು ಬಡವರ ಮಕ್ಕಳೇ ಕಟ್ಟಬೇಕಾಗಿ ಬಂದದ್ದು ಅನ್ಯಾಯ ಅಂತಲೇ ನಾನು ಹೇಳುವುದು.

ಹಾಗಂತ ಅಂಗಡಿಯಲ್ಲಿ ಕಂಡ ಮಗುವೆಲ್ಲ ಬಾಲಕಾರ್ಮಿಕ ಅಲ್ಲ. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಮನೆಯವರಿಗೆ ಸಹಾಯ ಮಾಡುವುದಕ್ಕೆ 2016ರಲ್ಲಿ ತಿದ್ದಿದ ಕಾನೂನಿನಲ್ಲೂ ಅವಕಾಶ ಇದೆ. ಸಂಜೆ ಅವ್ವನ ಪಕ್ಕ ಕುಳಿತ ಹುಡುಗನನ್ನು ಗದರಿಸಬೇಡಿ, ಫೋಟೋನೂ ತೆಗೆಯಬೇಡಿ. ಶಾಲೆಯ ಹೊತ್ತಿನಲ್ಲಿ ದೊಡ್ಡವರಿಲ್ಲದೆ ಒಂಟಿಯಾಗಿ ಮಾರುತ್ತಾ, ಬೇಡುತ್ತಾ ಅಲೆಯುವ ಮಗು ಕಂಡರೆ ಮಾತ್ರ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಪೆನ್ನು, ಚಾಕೊಲೇಟು ಹಂಚಬಹುದಾ ಅಂತಲೂ ಕೇಳುತ್ತಾರೆ. ದಾರಿಯಲ್ಲಿ ಹಂಚಿದರೆ ಮಕ್ಕಳು ಮತ್ತೆ ದಾರಿಗೇ ಬರುತ್ತವೆ. ಸರ್ಕಾರಿ ಶಾಲೆಯಲ್ಲಿ ಪುಸ್ತಕ, ಬಟ್ಟೆ, ಊಟ ಸಿಗುತ್ತದೆ. ನೋಟ್‌ಬುಕ್ಕಿನಂಥದ್ದಕ್ಕೆ ತಾಪತ್ರಯ. ಅಲ್ಲಿನ ಯಾವುದಾದರೂ ಶಾಲೆಗೆ ಹೋಗಿ ಹೆಡ್‌ಮಾಸ್ತರನ್ನು ಕೇಳಿ, ಏನು ಬೇಕು ಅಂತ ಅವರೇ ಹೇಳುತ್ತಾರೆ.