ಮೊಲ ದಪ್ಪಗಾಗಿದೆ, ಊಟ ಎಷ್ಟು ಕಡಿಮೆ ಮಾಡಬೇಕು?

ಮೊಲ ಸಾಕಿದವರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ. ನನ್ನ ಉತ್ತರವೂ ಬದಲಾಗಿಲ್ಲ: ಊಟ ಕಡಿಮೆ ಮಾಡಬೇಡಿ, ಊಟವನ್ನೇ ಬದಲಿಸಿ.

ಮೊಲವನ್ನು ಉಪವಾಸ ಕೆಡವಿದರೆ ಅದರ ಪ್ರಾಣಕ್ಕೇ ಕುತ್ತು. ಅದರ ಕರುಳು ಹಗಲೂ ರಾತ್ರಿಯೂ ಚಲಿಸುತ್ತಿರಬೇಕು, ಆ ಚಲನೆಗೆ ಬೇಕಾದದ್ದು ಹುಲ್ಲಿನ ಒರಟು ನಾರು. ತಿನ್ನುವುದು ನಿಂತರೆ ಕರುಳು ಮಂದವಾಗಿ ಹೊಟ್ಟೆಯಲ್ಲಿ ಗಾಳಿ ತುಂಬಿಕೊಳ್ಳುತ್ತದೆ. ದಪ್ಪ ಮೊಲಕ್ಕಂತೂ ಅಪಾಯ ಇನ್ನೂ ಹೆಚ್ಚು: ದೇಹದ ಕೊಬ್ಬು ಕರಗಿ ಯಕೃತ್ತಿನಲ್ಲಿ ತುಂಬಿಕೊಂಡು ಅದನ್ನೇ ಕೆಡಿಸುತ್ತದೆ. 12 ಗಂಟೆ ಏನೂ ತಿನ್ನದೆ, ಹಿಕ್ಕೆ ಹಾಕದೆ ಕುಳಿತ ಮೊಲವನ್ನು ನಾಳೆ ನೋಡೋಣ ಎಂದು ಬಿಡಬೇಡಿ, ಕೂಡಲೇ ಪಶುವೈದ್ಯರಿಗೆ ತೋರಿಸಿ.

ನಿಮ್ಮ ಮೊಲ ನಿಜಕ್ಕೂ ದಪ್ಪವೇ? ಡಚ್ ತಳಿಯದು ಸುಮಾರು 2 ಕಿಲೋ ತೂಗಿದರೆ ನ್ಯೂಜಿಲೆಂಡ್ ವೈಟ್ 4ರಿಂದ 5 ಕಿಲೋ ತೂಗುತ್ತದೆ. ಬೆರಕೆ ತಳಿಯದಾದರೆ ತೂಕದ ಅಂಕಿಯಿಂದ ಏನೂ ತಿಳಿಯದು, ಕೈಯನ್ನೇ ನಂಬಬೇಕು. ಎರಡೂ ಅಂಗೈಗಳನ್ನು ಪಕ್ಕೆಗಳ ಮೇಲೆ ಹಗುರವಾಗಿ ಇಟ್ಟು ಸವರಿ. ತೆಳುವಾದ ಪದರದಡಿ ಪಕ್ಕೆಲುಬು ಒಂದೊಂದಾಗಿ ಬೆರಳಿಗೆ ಸಿಕ್ಕರೆ ಸರಿ, ಒತ್ತಿ ಹುಡುಕಬೇಕಾದರೆ ಕೊಬ್ಬು ಬಂದಿದೆ. ಹೆಣ್ಣು ಮೊಲದ ಗಂಟಲಡಿಯ ಜೋಲು ಚರ್ಮ ಸಹಜ. ಆದರೆ ಹೊಟ್ಟೆ ಮಾತ್ರ ಉಬ್ಬಿದ್ದರೆ ಗರ್ಭವೋ ಗರ್ಭಕೋಶದ ಗಡ್ಡೆಯೋ ಇರಬಹುದು, ಪರೀಕ್ಷೆ ಮಾಡಿಸಿ.

ಮೊಲವನ್ನು ದಪ್ಪ ಮಾಡುವುದು ನಮ್ಮ ಅಕ್ಕರೆ. ಚಪಾತಿ ಚೂರು, ಬಿಸ್ಕತ್ತು, ಬಾಳೆಹಣ್ಣು, ದಿನವಿಡೀ ತುಂಬಿರುವ ಪೆಲೆಟ್ (ಗುಳಿಗೆಯಂಥ ಸಿದ್ಧ ಒಣ ಆಹಾರ) ಬಟ್ಟಲು. ಮೊಲವೆಂದರೆ ಕ್ಯಾರೆಟ್ ಎಂದು ಮಕ್ಕಳ ಚಿತ್ರಪುಸ್ತಕಗಳು ನಂಬಿಸಿವೆ, ಆ ಗೆಡ್ಡೆಯಲ್ಲಿ ಸಕ್ಕರೆಯೇ ಜಾಸ್ತಿ. ಚಪಾತಿ, ಬಿಸ್ಕತ್ತುಗಳನ್ನು ಇಂದೇ ನಿಲ್ಲಿಸಿ. ಹಣ್ಣು, ಕ್ಯಾರೆಟ್ ಅಪರೂಪಕ್ಕೊಂದು ಚೂರು ಸಾಕು.

ಪೆಲೆಟ್ ಮಾತ್ರ ಒಮ್ಮೆಗೇ ನಿಲ್ಲಿಸಬೇಡಿ. ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬನ್ನಿ. ಬೆಳೆದ ಮೊಲಕ್ಕೆ ದಿನಕ್ಕೆ ದೇಹತೂಕದ ಕಿಲೋಗೆ 25 ಗ್ರಾಂ ಮೀರಬಾರದು, ದಪ್ಪ ಮೊಲಕ್ಕೆ ಅದಕ್ಕಿಂತಲೂ ಕಡಿಮೆ. ಕಣ್ಣಳತೆ ಬೇಡ, ತೂಗಿಯೇ ಹಾಕಿ. ಹುಲ್ಲು ಮಾತ್ರ ಎಂದೂ ಖಾಲಿಯಾಗಬಾರದು. ದಿನವೂ ಮೊಲದ ಗಾತ್ರದಷ್ಟು ದೊಡ್ಡ ರಾಶಿ ಒಣಹುಲ್ಲು ಮುಂದಿರಲಿ. ನಮ್ಮ ಗರಿಕೆ ಚೆನ್ನಾಗಿಯೇ ಆಗುತ್ತದೆ, ಹಸಿಯಾಗಿಯೂ ನೆರಳಲ್ಲಿ ಒಣಗಿಸಿಯೂ ಕೊಡಬಹುದು. ಔಷಧಿ ಹೊಡೆದ ಕಡೆಯದು, ರಸ್ತೆ ಬದಿಯದು ಬೇಡ. ಲೂಸರ್ನ್ ಎಂಬ ಮೇವಿನ ಸೊಪ್ಪು ಆರು ತಿಂಗಳೊಳಗಿನ ಮರಿಗೆ ಸರಿ, ಬೆಳೆದ ಮೊಲಕ್ಕೆ ಅದರ ಪ್ರೋಟೀನ್, ಕ್ಯಾಲ್ಸಿಯಂ ಎರಡೂ ಅತಿಯಾಗುತ್ತವೆ. ಜೊತೆಗೆ ಕೊತ್ತಂಬರಿ, ಮೂಲಂಗಿ ಸೊಪ್ಪು ಒಂದೊಂದು ಹಿಡಿ ಇರಲಿ.

ಗೂಡಿನಲ್ಲೇ ಇಟ್ಟರೆ ಯಾವ ಪಥ್ಯವೂ ಫಲಿಸದು. ಮೊಲಕ್ಕೆ ಹುರುಪು ಬರುವುದು ಬೆಳಗಿನ ಜಾವ ಮತ್ತು ಮುಸ್ಸಂಜೆಯಲ್ಲಿ, ಆ ಹೊತ್ತಿಗೆ ಹೊರಗೆ ಬಿಡಿ. ಸೊಪ್ಪನ್ನು ಬಟ್ಟಲಿಗೆ ಹಾಕುವ ಬದಲು ಅಲ್ಲಲ್ಲಿ ಹರಡಿದರೆ ಹುಡುಕುತ್ತಾ ಓಡಾಡುತ್ತದೆ. ಗೂಡಿನ ತಳ ತಂತಿಯದಾಗಿದ್ದರೆ ಭಾರಕ್ಕೆ ಹಿಂಗಾಲಿನ ಅಡಿ ಹುಣ್ಣಾಗುತ್ತದೆ, ಮೇಲೆ ಚಾಪೆಯನ್ನೋ ದಪ್ಪಗೆ ಹುಲ್ಲನ್ನೋ ಹಾಸಿ.

ಮಳೆಗಾಲದಲ್ಲಿ ದಿನವೂ ಹಿಂಭಾಗ ನೋಡಿ ಎಂದು ನಾನು ಒತ್ತಿ ಹೇಳುತ್ತೇನೆ. ಒಣ ಹಿಕ್ಕೆಯಲ್ಲದೆ ಮೊಲ ಇನ್ನೊಂದು ಬಗೆಯ ಹಿಕ್ಕೆಯನ್ನೂ ಹಾಕುತ್ತದೆ: ಮೆತ್ತಗೆ, ಹೊಳೆಯುತ್ತಾ, ದ್ರಾಕ್ಷಿ ಗೊಂಚಲಿನಂತೆ ಅಂಟಿಕೊಂಡಿರುತ್ತದೆ. ಅದರಲ್ಲಿ ಪ್ರೋಟೀನ್, ಬಿ ವಿಟಮಿನ್ ಇರುವುದರಿಂದ ಮೊಲ ಬಗ್ಗಿ ಗುದದಿಂದಲೇ ಅದನ್ನು ತಿಂದುಬಿಡುತ್ತದೆ. ದಪ್ಪಗಾದ ಮೊಲಕ್ಕೆ ಅಲ್ಲಿಗೆ ಬಾಯಿ ಎಟುಕುವುದಿಲ್ಲ. ಅದು ಕೂದಲಿಗೆ ಮೆತ್ತಿಕೊಂಡು, ನೊಣ ಮೊಟ್ಟೆಯಿಟ್ಟು, ಒಂದೇ ದಿನದಲ್ಲಿ ಹುಳ ಚರ್ಮ ಕೊರೆಯಲು ಶುರುವಾಗುತ್ತದೆ. ಹುಳ ಕಂಡರೆ ಮನೆಮದ್ದು ಬೇಡ, ಆಸ್ಪತ್ರೆಗೆ ಒಯ್ಯಿರಿ.

ವಾರಕ್ಕೊಮ್ಮೆ ತೂಗಿ ಬರೆದಿಡಿ. ವಾರಕ್ಕೆ ದೇಹತೂಕದ ಶೇ. 1ರಷ್ಟು ಇಳಿದರೆ ಸಾಕು, ಅವಸರ ಬೇಡ. ಪೆಲೆಟ್ ಇಳಿಸಿದರೂ ಹುಲ್ಲು ಮೂಸಿ ಬಿಡುತ್ತಿದ್ದರೆ, ಜೊಲ್ಲು ಸುರಿಯುತ್ತಿದ್ದರೆ ಅದನ್ನು ಹಟವೆಂದು ಭಾವಿಸಬೇಡಿ. ಮೊಲದ ಹಲ್ಲು ಜೀವಮಾನವಿಡೀ ಬೆಳೆಯುತ್ತದೆ; ಹುಲ್ಲು ಅಗಿಯದೆ ಸವೆಯದ ದವಡೆ ಹಲ್ಲು ಚೂಪಾಗಿ ನಾಲಿಗೆ, ಕೆನ್ನೆಗೆ ಚುಚ್ಚುತ್ತಿರಬಹುದು. ಅಂಥ ಮೊಲಕ್ಕೆ ಮೊದಲು ಹಲ್ಲಿನ ಚಿಕಿತ್ಸೆ, ತೂಕದ ಮಾತು ಆಮೇಲೆ.