ಚಳಿಯೂರಿನ ಮೂರಡಿ ತೊಟ್ಟಿ

ಜುಲೈ

ಮೀನಿನ ತೊಟ್ಟಿ ಬಂತು. ಮೂರಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರ. ಅಂಚಿನವರೆಗೆ ತುಂಬಿದರೆ 127 ಲೀಟರ್. ಮರಳು, ಕಲ್ಲು ಕಳೆದು, ಮೇಲೆರಡು ಇಂಚು ಬಿಟ್ಟರೆ ನೂರು ಲೀಟರ್ ಆಸುಪಾಸು. ಎಲ್ಲ ಸೇರಿ 170 ಕಿಲೋ ಹತ್ತಿರ ತೂಗುವ ಸಾಮಾನು ಟಿವಿ ಸ್ಟ್ಯಾಂಡಿನ ಮೇಲೆ ನಿಲ್ಲುವಂಥದ್ದಲ್ಲ, ಅದಕ್ಕೆ ವೆಲ್ಡಿಂಗ್ ಶಾಪಿನಲ್ಲಿ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿದ್ದೆ. ನಮ್ಮದು ಹಳೇ ರೆಡ್ ಆಕ್ಸೈಡ್ ನೆಲ. ನೋಡಲು ಸಮ, ಆದರೆ ಗಾರೆಯವರ ಟ್ಯೂಬ್ ಲೆವೆಲ್ ಹಿಡಿದರೆ ಬಾಗಿಲ ಕಡೆಗೆ ಅರ್ಧ ಇಂಚು ಇಳಿಜಾರು. ನೆಲ ತೊಳೆದ ನೀರು ಹೊರಗೆ ಹೋಗಲಿ ಅಂತ ಹಿಂದಿನವರು ಬೇಕೆಂದೇ ಬಿಟ್ಟಿದ್ದಿರಬೇಕು. ಕಾಲಿನಡಿ ತಗಡು ಕೊಟ್ಟು ಸಮ ಮಾಡಿ, ಮೇಲೆ ಥರ್ಮಾಕೋಲ್ ಹಾಸಿ ತೊಟ್ಟಿ ಕೂರಿಸಿದೆವು. ಕಿಟಕಿಯ ಬಿಸಿಲು ಬೀಳದ ಗೋಡೆಯೇ ಬೇಕಿತ್ತು. ಬಿಸಿಲು ಬಿದ್ದರೆ ಗಾಜಿಗೆ ಪಾಚಿ.

ಮೀನು ಯಾವುದು ಅಂತ ಇನ್ನೂ ಯೋಚಿಸಿಲ್ಲ. ಎಲ್ಲರೂ ಅಂಗಡಿಗೆ ಹೋಗಿ ಚೆಂದ ಕಂಡದ್ದನ್ನು ಕವರಿನಲ್ಲಿ ಕಟ್ಟಿಸಿಕೊಂಡು ಬರುತ್ತಾರೆ, ಆಮೇಲೆ ನೀರನ್ನು ಮೀನಿಗೆ ತಕ್ಕಂತೆ ಬದಲಿಸಲು ಒದ್ದಾಡುತ್ತಾರೆ. ನಾನು ನಲ್ಲಿಯಿಂದ ಶುರು ಮಾಡುತ್ತಿದ್ದೇನೆ. ಚಿಕ್ಕಮಗಳೂರಿಗೆ ಕುಡಿಯುವ ನೀರು ಬರುವುದು ಬೇಲೂರಿನ ಯಗಚಿ ಜಲಾಶಯದಿಂದ ಮತ್ತು ಹಿರೇಕೊಳಲೆ ಕೆರೆಯಿಂದ. ನೀರು ಪರೀಕ್ಷಿಸುವ ಕಿಟ್ ಹಾಕಿ ನೋಡಿದೆ: ಪಿಎಚ್ (ಇದು ಇಳಿದಷ್ಟೂ ನೀರು ಹುಳಿ) 6.8, ಕಾರ್ಬೊನೇಟ್ ಗಡಸುತನ ಬರೀ 2 ಡಿಗ್ರಿ. ಅಂದರೆ ಮೆದು ನೀರು. ಗಪ್ಪಿ, ಮೋಲಿ, ಪ್ಲಾಟಿ ಇವೆಲ್ಲ ಗಡಸು ನೀರು ಕೇಳುವ ಜಾತಿ. ಕಡೂರಿನ ಕಡೆ ಬೋರ್‌ವೆಲ್ ನೀರಿನಲ್ಲಿ ಅವು ಆರಾಮಾಗಿ ಮರಿ ಹಾಕಿಕೊಂಡಿರುತ್ತವೆ. ನಮ್ಮಲ್ಲಿ ಬಾರ್ಬ್, ರಾಸ್ಬೋರಾ, ಟೆಟ್ರಾಗಳಿಗೆ ಅನುಕೂಲ. ಎರಡನೆಯದು ಚಳಿ. ಊರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಡಿಸೆಂಬರಿನ ಬೆಳಗ್ಗೆ ನಡುಮನೆಯಲ್ಲೇ 17 ಡಿಗ್ರಿ. ಇಷ್ಟು ಗೊತ್ತಾದ ಮೇಲೆ ಪಟ್ಟಿ ತಾನಾಗಿ ಚಿಕ್ಕದಾಗುತ್ತದೆ.

ಅಲಂಕಾರಕ್ಕೆ ಕಾಫಿ ಗಿಡದ ಬೊಡ್ಡೆ ಹಾಕು ಅಂತ ಚಿಕ್ಕಪ್ಪ ತೋಟದಿಂದ ಒಂದು ತಂದುಕೊಟ್ಟರು. ಕೊಂಬೆಯ ತಿರುವು ನೋಡಿದರೆ ಬಿಡಲು ಮನಸ್ಸಿಲ್ಲ. ಆದರೆ ಆ ಗಿಡಕ್ಕೆ ವರ್ಷವರ್ಷವೂ ಬೋರ್ಡೋ ಹೊಡೆದಿದ್ದಾರೆ. ಬೋರ್ಡೋ ಅಂದರೆ ಮೈಲುತುತ್ತ ಮತ್ತು ಸುಣ್ಣ, ಅಂದರೆ ತಾಮ್ರ. ಮೆದು ನೀರಿನಲ್ಲಿ ತಾಮ್ರ ಬಿಟ್ಟುಕೊಂಡರೆ ಮೊದಲು ಸಾಯುವುದು ಬಸವನಹುಳು, ಸಿಗಡಿ; ಆಮೇಲೆ ಸರದಿ ಮೀನಿನದು. ಬೊಡ್ಡೆಯನ್ನು ಜಗಲಿಯಲ್ಲಿ ಆರ್ಕಿಡ್ ಕಟ್ಟಲು ಇಟ್ಟುಕೊಂಡೆ, ತೊಟ್ಟಿಗೆ ಅಂಗಡಿಯ ಡ್ರಿಫ್ಟ್‌ವುಡ್ ಬಂತು. ತೋಟದ ಹಳ್ಳದಿಂದ ಗಿಡ ಕಿತ್ತು ತರುವ ಆಸೆಯನ್ನೂ ಇದೇ ಕಾರಣಕ್ಕೆ ಬಿಟ್ಟೆ. ಕಲ್ಲುಗಳನ್ನು ಮಾತ್ರ ಹೊಳೆಯದ್ದೇ ತಂದು, ನಿಂಬೆರಸ ಬಿಟ್ಟು ನೊರೆ ಬರುವುದಿಲ್ಲ ಅಂತ ಖಾತ್ರಿ ಮಾಡಿಕೊಂಡು, ಕುದಿಸಿ ಹಾಕಿದೆ. ನೊರೆ ಬಂದರೆ ಅದರಲ್ಲಿ ಸುಣ್ಣದಂಶವಿದೆ ಅಂತ ಅರ್ಥ.

ಆಗಸ್ಟ್

"ಬರೀ ನೀರಿಗೆ ಯಾಕೋ ಲೈಟು?" ಅಂತ ಅಮ್ಮ ದಿನಾ ಕೇಳುತ್ತಾರೆ. ತೊಟ್ಟಿಯಲ್ಲಿ ಜಾವಾ ಫರ್ನ್, ಅನೂಬಿಯಾಸ್, ಒಂದಿಷ್ಟು ವ್ಯಾಲಿಸ್ನೇರಿಯಾ ಗಿಡಗಳಿವೆ, ಮೀನಿಲ್ಲ. ನಿತ್ಯ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿದ್ದೇನೆ, ತಿನ್ನುವವರಿಲ್ಲ. ಅದು ಕೊಳೆತು ಅಮೋನಿಯಾ ಆಗಬೇಕು, ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಬೇಕು, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡಬೇಕು. ಮೊದಲೆರಡೂ ಮೀನಿಗೆ ವಿಷ, ಮೂರನೆಯದು ಹಾಗಲ್ಲ. ಗಿಡಕ್ಕೆ ಗೊಬ್ಬರವಾಗುತ್ತದೆ, ಉಳಿದದ್ದು ನೀರು ಬದಲಿಸುವಾಗ ಹೋಗುತ್ತದೆ. ಬೆಚ್ಚಗಿನ ಊರಿನಲ್ಲಿ ಇದಕ್ಕೆ ನಾಲ್ಕರಿಂದ ಆರು ವಾರ ಅನ್ನುತ್ತಾರೆ. ಈ ಮಳೆಯಲ್ಲಿ ತೊಟ್ಟಿಯ ನೀರು 21 ಡಿಗ್ರಿ ದಾಟುತ್ತಿಲ್ಲ, ಹಾಗಾಗಿ ಬ್ಯಾಕ್ಟೀರಿಯಾವೂ ಕಂಬಳಿ ಹೊದ್ದು ಮಲಗಿದೆ.

ಹಾಸನದ ಗೆಳೆಯನ ಬಳಿ ಹಳೇ ತೊಟ್ಟಿಯಿದೆ. ಅವನ ಫಿಲ್ಟರಿನ ಒಂದು ಸ್ಪಾಂಜನ್ನು ಒದ್ದೆಯಾಗಿಯೇ ಕವರಿಗೆ ಹಾಕಿಸಿಕೊಂಡು ಬೇಲೂರಿನ ಮೇಲೆ ಬಸ್ಸಿನಲ್ಲಿ ತಂದೆ. ಹಾಲಿಗೆ ಹೆಪ್ಪು ಹಾಕಿದಂತೆಯೇ. ಅದೇ ವಾರ ಅಮೋನಿಯಾ ಇಳಿಯಿತು, ನೈಟ್ರೈಟ್ ಬಣ್ಣ ನೇರಳೆಗೇರಿತು.

ನಲ್ಲಿ ನೀರಿನ ಒಂದು ಮಾತು. ಮಳೆಗಾಲದಲ್ಲಿ ಕೆಂಪು ನೀರು ಬಂದಾಗ ಆಲಂ ಮತ್ತು ಬ್ಲೀಚಿಂಗ್ ಜಾಸ್ತಿ ಹಾಕುತ್ತಾರೆ, ಬಕೆಟಿನ ಮೇಲೆ ಮೂಗಿಟ್ಟರೆ ಗೊತ್ತಾಗುತ್ತದೆ. ಕ್ಲೋರಿನ್ ಕೀಟಾಣುವನ್ನು ಕೊಲ್ಲುವಂತೆ ನಮ್ಮ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ರಾತ್ರಿಯಿಡೀ ಬಕೆಟಿಗೆ ಏರ್‌ಸ್ಟೋನ್ (ಪಂಪಿನ ಗಾಳಿಯನ್ನು ಗುಳ್ಳೆಯಾಗಿ ಬಿಡುವ ಕಲ್ಲು) ಬಿಟ್ಟರೆ ಹೋಗುತ್ತದೆ. ಅವಸರವಿದ್ದರೆ ಸೋಡಿಯಂ ಥಯೋಸಲ್ಫೇಟ್. ಹಿಂದೆ ಫೋಟೋ ಸ್ಟುಡಿಯೋದವರು ಹೈಪೋ ಅಂತ ಬಳಸುತ್ತಿದ್ದ ಅದೇ ಹರಳು, ಈಗ ಆಂಟಿ ಕ್ಲೋರಿನ್ ಅಂತ ಪುಟ್ಟ ಬಾಟಲಿಯಲ್ಲಿ ಬರುತ್ತದೆ. ಮಳೆನೀರು ಹಿಡಿದು ಹಾಕು ಅಂದವರೂ ಇದ್ದಾರೆ. ಬೇಡ. ಅದರಲ್ಲಿ ಗಡಸುತನ ಸೊನ್ನೆ, ಪಿಎಚ್ ಹಿಡಿದು ನಿಲ್ಲಿಸಲು ಏನೂ ಇರುವುದಿಲ್ಲ.

ಗಾಳಿಗೆ ಮರ ಬಿದ್ದು ಒಂದು ರಾತ್ರಿ ಪೂರ್ತಿ ಕರೆಂಟ್ ಹೋಯಿತು. ಫಿಲ್ಟರ್ ನಿಂತರೆ ಒಳಗಿನ ಬ್ಯಾಕ್ಟೀರಿಯಾ ಆಮ್ಲಜನಕವಿಲ್ಲದೆ ಸಾಯುತ್ತದೆ. ಆದ್ದರಿಂದ ಮೊದಲೇ ಬ್ಯಾಟರಿ ಏರ್‌ಪಂಪು ತೆಗೆದಿಟ್ಟಿದ್ದೆ, ತೊಟ್ಟಿಯೊಳಗಿನ ಸ್ಪಾಂಜ್ ಫಿಲ್ಟರಿಗೆ ಸಿಕ್ಕಿಸಿ ಮಲಗಿದೆ. ಈ ಊರಿನಲ್ಲಿ ತೊಟ್ಟಿಯ ಹೊರಗಿಡುವ ಬೆಲೆಬಾಳುವ ಕ್ಯಾನಿಸ್ಟರ್ ಫಿಲ್ಟರಿಗಿಂತ ಆ ಪುಟ್ಟ ಪಂಪೇ ಮೇಲು.

ಸೆಪ್ಟೆಂಬರ್

ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 20. ಅಂಗಡಿಗೆ ಹೊರಟೆ.

"ಸರ್, ಒಂದು ಜೊತೆ ಗೋಲ್ಡ್ ಫಿಶ್, ಒಂದು ಜೊತೆ ಏಂಜಲ್, ನಾಲ್ಕು ಟೈಗರ್ ಹಾಕ್ಕೊಳ್ಳಿ. ಗಾಜು ಕ್ಲೀನ್ ಮಾಡೋಕೆ ಒಂದು ಸಕ್ಕರ್." ಊರೂರಿನ ಅಂಗಡಿಯಲ್ಲೂ ಇದೇ ಸೆಟ್. ಟೈಗರ್ ಬಾರ್ಬ್‌ಗೆ ಏಂಜಲ್‌ನ ಜೋಲುವ ರೆಕ್ಕೆ ಕಂಡರೆ ಕಚ್ಚದೆ ಇರಲು ಆಗುವುದಿಲ್ಲ, ನಾಲ್ಕೇ ಇದ್ದರಂತೂ ಇನ್ನೂ ಕಾಟ. ಗೋಲ್ಡ್ ಫಿಶ್‌ಗೆ ತಂಪು ನೀರು ಬೇಕು, ಏಂಜಲ್‌ಗೆ 26 ಡಿಗ್ರಿ. ಜೊತೆಗೆ ಗೋಲ್ಡ್ ಫಿಶ್ ತಿನ್ನುವುದೂ ಹೊಲಸು ಮಾಡುವುದೂ ಎರಡಾಳಿನಷ್ಟು. ಸಕ್ಕರ್ ಈಗ ಎರಡಿಂಚು, ಬೆಳೆದರೆ ಒಂದಡಿ ಮೀರುತ್ತದೆ. ದಕ್ಷಿಣ ಅಮೆರಿಕದ ಆ ಮೀನನ್ನು ಜನ ಸಾಕಲಾಗದೆ ಕೆರೆಗೆ ಬಿಟ್ಟು ಬಿಟ್ಟು, ಈಗ ಅದು ನಮ್ಮ ದೇಶದ ನೀರಿನಲ್ಲೇ ಸಂಸಾರ ಹೂಡಿದೆ. ಬಲೆ ಹಾಕುವವರಿಗೆ ತಲೆನೋವು, ಕಾರಣ ಮುಳ್ಳಿನ ಮೈ ಬಲೆ ಹರಿಯುತ್ತದೆ.

ಹೊಂದಿಕೊಳ್ಳುವ ಮೀನು ಅಂದರೆ ಒಂದನ್ನೊಂದು ತಿನ್ನದ ಮೀನು ಅಷ್ಟೇ ಅಂತ ತಿಳಿದವರೇ ಹೆಚ್ಚು. ನನ್ನ ಲೆಕ್ಕದಲ್ಲಿ ಅದು ಕೊನೆಯ ಪ್ರಶ್ನೆ. ಒಂದೇ ನೀರು, ಒಂದೇ ಬಿಸಿ, ತೊಟ್ಟಿಯಲ್ಲಿ ಬೇರೆಬೇರೆ ಎತ್ತರ, ತಿನ್ನುವ ವೇಗ — ಇವು ಮೊದಲು.

ಡೆನಿಸನ್ ಬಾರ್ಬ್ ಮೇಲೆ ಕಣ್ಣಿತ್ತು. ಮೈಯುದ್ದ ಕೆಂಪು ಗೆರೆಯ ನಮ್ಮ ಪಶ್ಚಿಮ ಘಟ್ಟದ್ದೇ ಮೀನು, ತಂಪು ನೀರಿನದು. ಆದರೆ ಅರ್ಧ ಅಡಿ ಬೆಳೆದು ಗುಂಪಾಗಿ ಓಡುವುದಕ್ಕೆ ಮೂರಡಿ ಸಾಲದು. ಕೈಬಿಟ್ಟೆ. ಉಳಿದದ್ದು ಜೀಬ್ರಾ ಡೇನಿಯೊ ಮತ್ತು ಚೆರ್ರಿ ಬಾರ್ಬ್. ಡೇನಿಯೊ ನಮ್ಮ ದೇಶದ್ದೇ. 1822ರಲ್ಲಿ ಫ್ರಾನ್ಸಿಸ್ ಹ್ಯಾಮಿಲ್ಟನ್ ಹೆಸರಿಟ್ಟ ಮೀನು, ಈಗ ಲೋಕದ ಪ್ರಯೋಗಾಲಯಗಳಲ್ಲೆಲ್ಲ ಇದೆ. 18 ಡಿಗ್ರಿಗೂ ಜಗ್ಗುವುದಿಲ್ಲ. ಚೆರ್ರಿ ಬಾರ್ಬ್ ಶ್ರೀಲಂಕಾದ ನೆರಳಿನ ತೊರೆಗಳದು, ಮೆದು ನೀರಿಗೆ ಒಗ್ಗುತ್ತದೆ. ಡೇನಿಯೊ ಮೇಲೆ, ಚೆರ್ರಿ ನಡುವೆ. ತಳ ಖಾಲಿ.

ಅಕ್ಟೋಬರ್

ಎಂಟು ಡೇನಿಯೊ, ಆರು ಚೆರ್ರಿ. ಒಟ್ಟಿಗೇ ತಂದಿಲ್ಲ, ಡೇನಿಯೊ ಮೊದಲು, ಎರಡು ವಾರ ಬಿಟ್ಟು ಚೆರ್ರಿ. ಡೇನಿಯೊಗಳಿಗೆ ಪುರುಸೊತ್ತೆಂಬುದಿಲ್ಲ. ಆಹಾರ ನೀರಿಗೆ ತಾಗುವ ಮೊದಲೇ ಎಂಟೂ ಹಾಜರ್, ಚೆರ್ರಿಗಳು ಎಲೆ ಮರೆಯಿಂದ ಮೂತಿ ಹಾಕುವಷ್ಟರಲ್ಲಿ ಪಂಕ್ತಿ ಮುಗಿದಿರುತ್ತದೆ. ಕಚ್ಚಾಟವಿಲ್ಲದೆಯೂ ಉಪವಾಸ ಬೀಳಿಸಬಹುದು ಅನ್ನುವುದಕ್ಕೆ ಇದೇ ಸಾಕ್ಷಿ. ಈಗ ಎಡಗಡೆ ತೇಲುವ ಫ್ಲೇಕ್ಸ್ ಹಾಕಿ ಡೇನಿಯೊಗಳನ್ನು ಅಲ್ಲಿಗೆ ಸೆಳೆದು, ಬಲಗಡೆ ಗಿಡದ ಬಳಿ ಮುಳುಗುವ ಸಣ್ಣ ಕಾಳು ಬಿಡುತ್ತೇನೆ. ಗಂಡು ಚೆರ್ರಿಗಳಿಗೆ ಕೆಂಪು ಏರುತ್ತಿದೆ.

ದಸರೆ ರಜೆಗೆ ಬಂದ ಅಕ್ಕನ ಮಗಳಿಗೆ ಸಮಾಧಾನವಿಲ್ಲ. "ಮಾವ, ಶೃಂಗೇರಿಯಲ್ಲಿ ಅಷ್ಟೊಂದು ಮಂಡಕ್ಕಿ ಹಾಕ್ತೀವಲ್ಲ, ಇಲ್ಲಿ ಯಾಕೆ ಇಷ್ಟೇ ಇಷ್ಟು?" ಅಲ್ಲಿ ತುಂಗೆ ಹರಿಯುತ್ತಾಳೆ ಪುಟ್ಟಿ, ಇಲ್ಲಿ ನಾನು ಬಕೆಟ್ ಹೊರಬೇಕು ಅಂದೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ದಿನಕ್ಕೊಮ್ಮೆ, ಸೋಮವಾರ ಉಪವಾಸ. ಸೋಮವಾರದ್ದು ಅಮ್ಮನ ಸೇರ್ಪಡೆ.

ನವೆಂಬರ್

ಪಿಎಚ್ 6.2ಕ್ಕೆ ಇಳಿದಿದೆ, ಗಡಸುತನ ಸೊನ್ನೆಗೆ ಹತ್ತಿರ. ಮೆದು ನೀರಿನ ಊರಿನವರು ಇದನ್ನು ಗಮನಿಸಬೇಕು. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗುವಾಗ ನೀರಿನಲ್ಲಿರುವ ಕ್ಷಾರೀಯತೆ (ಕಿಟ್ಟಿನ ಕಾರ್ಬೊನೇಟ್ ಗಡಸುತನ ಅಳೆಯುವುದು ಇದನ್ನೇ) ಸುಮಾರು ಏಳು ಮಿಲಿಗ್ರಾಂ ಖರ್ಚಾಗುತ್ತದೆ. ನಮ್ಮ ನೀರಿನ ಬಂಡವಾಳವೇ ಕಮ್ಮಿ, ಜೊತೆಗೆ ಡ್ರಿಫ್ಟ್‌ವುಡ್ ಒಗರು ಬಿಟ್ಟು ನೀರನ್ನು ಹುಳಿ ಮಾಡುತ್ತದೆ. ಪಿಎಚ್ 6ಕ್ಕೆ ಬಂದರೆ ಬ್ಯಾಕ್ಟೀರಿಯಾ ಕೆಲಸವನ್ನು ಬಹುಮಟ್ಟಿಗೆ ನಿಲ್ಲಿಸಿಬಿಡುತ್ತದೆ. ವಿಚಿತ್ರವೆಂದರೆ ಆಗಲೂ ಮೀನು ಆರಾಮಾಗಿಯೇ ಕಾಣುತ್ತವೆ, ಏಕೆಂದರೆ ಹುಳಿ ನೀರಿನಲ್ಲಿ ಅಮೋನಿಯಾ ಅಷ್ಟು ವಿಷವಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. ಯಾರೋ ಗಾಬರಿಯಾಗಿ ಅರ್ಧ ತೊಟ್ಟಿ ಹೊಸ ನೀರು ಸುರಿದರೆ ಪಿಎಚ್ ಥಟ್ಟನೆ ಏರುತ್ತದೆ, ಅಮೋನಿಯಂ ಮತ್ತೆ ಅಮೋನಿಯಾ ಆಗುತ್ತದೆ, ಬೆಳಗ್ಗೆ ಮೀನು ಮಗುಚಿಕೊಂಡಿರುತ್ತವೆ. "ನೀರು ಬದಲಿಸಿದ್ದಕ್ಕೇ ಸತ್ತವು" ಅಂತ ಹೇಳುವವರ ಕಥೆ ಬಹಳ ಸಲ ಇದೇ.

ಮೊದಲು ಅಮೋನಿಯಾ ಅಳೆದೆ, ಇರಲಿಲ್ಲ. ದಿನ ಬಿಟ್ಟು ದಿನ ಒಂದೊಂದೇ ಕೊಡ ನೀರು ಬದಲಿಸಿದೆ. ಮರವಂತೆಯ ಕಡಲ ದಂಡೆಯಿಂದ ತಂದಿದ್ದ ಕಪ್ಪೆಚಿಪ್ಪುಗಳನ್ನು ತೊಳೆದು, ಕುಟ್ಟಿ, ಸಾಕ್ಸಿನಲ್ಲಿ ಕಟ್ಟಿ ಫಿಲ್ಟರಿನ ಬಾಯಿಗೆ ಇಟ್ಟೆ. ನೀರು ಹುಳಿಯಾದಷ್ಟೂ ಚಿಪ್ಪು ಕರಗುತ್ತದೆ, ಹುಳಿ ತಗ್ಗಿದರೆ ಕರಗುವುದೂ ತಗ್ಗುತ್ತದೆ. ಅಡುಗೆ ಸೋಡಾ ಅಳೆದು ಹಾಕುವ ರಗಳೆಯಿಲ್ಲ. ತಿಂಗಳ ಕೊನೆಗೆ ಗಡಸುತನ 4, ಪಿಎಚ್ 6.9.

ಡಿಸೆಂಬರ್

ಹಾಸನದ ಗೆಳೆಯನಿಗೆ ವರ್ಗವಾಯಿತು. ಅವನ ಐದು ಜೀಬ್ರಾ ಲೋಚ್ ನನ್ನ ಪಾಲಿಗೆ ಬಂದವು. ತೊಟ್ಟಿಯ ತಳ ಖಾಲಿಯಿತ್ತಲ್ಲ, ಅದಕ್ಕೆ ಹೇಳಿ ಮಾಡಿಸಿದ ಮೀನು. ಬೊಟಿಯಾ ಸ್ಟ್ರಿಯಾಟಾ ಅಂತ 1920ರಲ್ಲಿ ಸಿ.ಆರ್. ನಾರಾಯಣ ರಾವ್ ಹೆಸರಿಟ್ಟದ್ದು, ತುಂಗೆಯ ಮೀನು. ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ, ಅಕ್ವೇರಿಯಂ ವ್ಯಾಪಾರಕ್ಕೆ ಹಿಡಿಯುವುದೂ ಅದಕ್ಕೊಂದು ಕಾರಣ. ಅಂಗಡಿಯಲ್ಲಿದ್ದರೆ ಕೊಳ್ಳುತ್ತಿರಲಿಲ್ಲ, ಸಾಕಿದವನ ಮನೆಯಿಂದ ಇನ್ನೊಂದು ಮನೆಗೆ ಬಂದದ್ದಕ್ಕೆ ತಕರಾರಿಲ್ಲ.

ನೇರ ತೊಟ್ಟಿಗೆ ಬಿಡದೆ ಪ್ಲಾಸ್ಟಿಕ್ ಟಬ್ಬಿನಲ್ಲಿಟ್ಟಿದ್ದೆ. ಪ್ರಯಾಣದ ಚಳಿಗೆ ಎರಡರ ರೆಕ್ಕೆಯ ಮೇಲೆ ರವೆಯಷ್ಟು ಬಿಳಿ ಚುಕ್ಕೆ ಎದ್ದವು. ಬಿಳಿಚುಕ್ಕೆ ರೋಗದ ಪರಾವಲಂಬಿ ಚರ್ಮದೊಳಗಿರುವಾಗ ಔಷಧ ತಾಗುವುದಿಲ್ಲ, ಉದುರಿ ನೀರಿಗೆ ಬಂದಾಗ ಮಾತ್ರ ಸಾಯುತ್ತದೆ. ಲೋಚ್‌ಗಳ ಮೈಯಲ್ಲಿ ಹುರುಪೆ ತೀರಾ ಸಣ್ಣದು, ಮ್ಯಾಲಕೈಟ್ ಗ್ರೀನ್ ಔಷಧದ ಪೂರ್ತಿ ಪ್ರಮಾಣವನ್ನು ಅವು ತಡೆಯುವುದಿಲ್ಲ. ಪರಾವಲಂಬಿ ಬೇಗ ಉದುರಲಿ ಅಂತ ಬಿಸಿಯನ್ನು ನಿಧಾನಕ್ಕೆ 30 ಡಿಗ್ರಿಗೆ ಏರಿಸಿ, ಬಿಸಿ ನೀರಿನಲ್ಲಿ ಆಮ್ಲಜನಕ ಕಮ್ಮಿಯಾಗುವುದರಿಂದ ಎರಡು ಏರ್‌ಸ್ಟೋನ್ ಬಿಟ್ಟು, ಎರಡು ವಾರ ಹಾಗೇ ಇಟ್ಟೆ. ಐದೂ ಉಳಿದವು.

ದೊಡ್ಡ ತೊಟ್ಟಿಯಲ್ಲಿ 150 ವಾಟಿನ ಹೀಟರ್ 22ಕ್ಕೆ ನಿಂತಿದೆ. ಬೆಳಗಿನ ನಲ್ಲಿ ನೀರು ಮೂಳೆ ಕೊರೆಯುತ್ತದೆ, ಬಿಸಿನೀರು ಬೆರೆಸದೆ ಹಾಕುವಂತಿಲ್ಲ. ಬಚ್ಚಲ ಹಂಡೆಯಿಂದ ತೆಗೆದುಕೋ ಅಂದರು ಅಮ್ಮ. ಹಂಡೆ ತಾಮ್ರದ್ದು, ಮತ್ತೆ ಅದೇ ಬೋರ್ಡೋ ಕಥೆ. ಸ್ಟೀಲ್ ಪಾತ್ರೆಯಲ್ಲಿ ಗ್ಯಾಸಿನ ಮೇಲೆ ಕಾಯಿಸುತ್ತೇನೆ. ಇನ್ವರ್ಟರ್ ಫಿಲ್ಟರನ್ನು ಎಳೆಯುತ್ತದೆ, ಹೀಟರ್ ಹಾಕಿದರೆ ಬೇಗ ಬರಿದಾಗುತ್ತದೆ. ಕರೆಂಟ್ ಹೋದರೆ ತೊಟ್ಟಿಯ ಮೂರು ಬದಿಗೂ ಕಂಬಳಿ.

ಮಾರ್ಚ್

ಲೋಚ್‌ಗಳು ತಳದ ಯಜಮಾನಿಕೆ ವಹಿಸಿಕೊಂಡಿವೆ. ಗಿಡದ ಜೊತೆ ಬಂದಿದ್ದ ಬಸವನಹುಳುಗಳು ಗಾಜಿನ ತುಂಬ ಆಗಿದ್ದವು, ಈಗ ಮರಳಿನ ಮೇಲೆ ಖಾಲಿ ಚಿಪ್ಪು. ಮೊನ್ನೆ ಹತ್ತಿರ ಕೂತು ನೋಡಿದೆ: ಒಂದು ಲೋಚ್ ಹುಳುವನ್ನು ಮೂತಿಯಿಂದ ಉರುಳಿಸಿ ಬಾಯಿ ಮೇಲಾಗಿಸಿತು, ಮೀಸೆಯಿಂದ ಅಂಚು ತಡವಿತು, ಮೂತಿ ಒಳಗಿಟ್ಟು ಒಮ್ಮೆ ಜಗ್ಗಿತು. ಟಿಕ್ ಅಂತ ಗಾಜಿನಾಚೆಗೂ ಕೇಳುವ ಸದ್ದು. ಉಳಿದ ನಾಲ್ಕೂ ಕಲ್ಲಿನ ಸಂದಿಯಿಂದ ಓಡಿಬಂದವು. ಹೊಟ್ಟೆ ತುಂಬಿದ ಮೇಲೆ ಮಗ್ಗುಲಾಗಿ ಬಿದ್ದುಕೊಳ್ಳುತ್ತವೆ. ಮೊದಲ ಸಲ ನೋಡಿದ ಅಮ್ಮ ಸತ್ತೇ ಹೋಯಿತು ಅಂತ ಕೂಗಿದ್ದರು.

ವಾರಕ್ಕೊಮ್ಮೆ ಕಾಲುಭಾಗ ನೀರು, ತಿಂಗಳಿಗೊಮ್ಮೆ ಸ್ಪಾಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡುವುದು, ನಲ್ಲಿಯ ಕೆಳಗೆ ಹಿಡಿಯುವಂತಿಲ್ಲ. ನೈಟ್ರೇಟ್ 15. ಡೇನಿಯೊಗಳು ಬೆಳಗಿನ ಹೊತ್ತು ಗಿಡದ ಮೇಲೆ ಮೊಟ್ಟೆ ಉದುರಿಸುತ್ತವೆ, ಬೆನ್ನಿಗೇ ತಾವೇ ತಿನ್ನುತ್ತವೆ, ಉಳಿದದ್ದಕ್ಕೆ ಲೋಚ್ ಇದೆ. ಮರಿ ಬೇಕಿದ್ದರೆ ತಳಕ್ಕೆ ಗೋಲಿ ಹಾಸಿದ ಬೇರೆ ಟಬ್ ಬೇಕು, ಮೊಟ್ಟೆ ಸಂದಿಗೆ ಇಳಿದು ಉಳಿಯಲಿ ಅಂತ. ಟಬ್ ಖಾಲಿಯಿದೆ, ಗೋಲಿಗಳನ್ನು ಅಕ್ಕನ ಮಗಳು ಬೇಸಿಗೆ ರಜೆಗೆ ತರುತ್ತಾಳಂತೆ. ಅಷ್ಟರೊಳಗೆ ಡೇನಿಯೊ ಹಾರದಂತೆ ಮುಚ್ಚಳದ ಹಿಂಬದಿಯ ಸಂದಿಗೆ ಸೊಳ್ಳೆ ಪರದೆಯ ಜಾಲರಿ ಹೊಡೆಯಬೇಕು.