ಹಳೆಯ ಜಿಪ್ಸಿಗೆ ಸ್ಪೇಸರ್

ನವೆಂಬರ್ 19, 2023, ಭಾನುವಾರ
ಮೂಡಿಗೆರೆ ಸಮೀಪ

ಮಧ್ಯಾಹ್ನ ಎರಡಕ್ಕೆ ವಿಶ್ವಕಪ್ ಫೈನಲ್, ಅಷ್ಟರೊಳಗೆ ಬಿಟ್ಟುಬಿಡಬೇಕು ಎಂಬ ಷರತ್ತಿನ ಮೇಲೆಯೇ ಗಾಡಿ ರಿಪೇರಿಯ ಮೇಸ್ತ್ರಿ ಇವತ್ತು ತೋಟಕ್ಕೆ ಬಂದರು. (ಅಷ್ಟು ಅವಸರ ಮಾಡಿ ಹೋಗಿ ಅವರು ನೋಡಿದ್ದು ಭಾರತ 240ಕ್ಕೆ ಆಲೌಟ್. ಆ ಸುದ್ದಿ ಇಲ್ಲಿ ಬೇಡ.) ಕೆಲಸ ಇಷ್ಟೇ: ನಮ್ಮ ಹಳೆಯ ಜಿಪ್ಸಿಯ ನಾಲ್ಕೂ ಚಕ್ರಗಳಿಗೆ 30 ಮಿ.ಮೀ. ದಪ್ಪದ ಸ್ಪೇಸರ್, ಅಂದರೆ ಚಕ್ರಕ್ಕೂ ಅದು ಕೂರುವ ಹಬ್ಬಿಗೂ ನಡುವೆ ಸೇರಿಸುವ ಲೋಹದ ಬಿಲ್ಲೆ, ಕೂರಿಸುವುದು.

ಗಾಡಿ ಅಗಲವಾಗಿ ಕಾಣಲಿ ಎಂಬ ಶೋಕಿಗಲ್ಲ. 1993ರಲ್ಲಿ ಮಾರುತಿಯವರೇ ಜಿಪ್ಸಿಯ ಚಕ್ರಗಳ ನಡುವಿನ ಅಗಲವನ್ನು 90 ಮಿ.ಮೀ. ಹೆಚ್ಚಿಸಿ ಎಂಜಿ 410ಡಬ್ಲ್ಯು ಎಂದು ಮಾರಿದರು. ನಮ್ಮದು ಅದಕ್ಕೂ ಹಿಂದಿನದು. ಮೈ ಕಿರಿದು, ಎತ್ತರಕ್ಕೆ ಮಾತ್ರ ಕೊರತೆಯಿಲ್ಲ. ಮಳೆಗಾಲ ಕಳೆಯುವ ಹೊತ್ತಿಗೆ ತೋಟದ ದಾರಿಯ ಒಂದು ಮಗ್ಗುಲು ಕೊರೆದುಹೋಗಿರುತ್ತದೆ. ಅಲ್ಲಿ ಓರೆಯಾಗಿ ಇಳಿಯುವಾಗ ಪಕ್ಕದಲ್ಲಿ ಕುಳಿತವರು ಮಾತು ನಿಲ್ಲಿಸಿ ಕಂಬಿ ಹಿಡಿಯುತ್ತಾರೆ. ಜೊತೆಗೆ, ಕಂಪನಿ ಕೊಟ್ಟದ್ದಕ್ಕಿಂತ ಅಗಲವಾದ ಟಯರು ಹಾಕಿದ ಮೇಲೆ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಟಯರಿನ ಒಳಮೈ ಲೀಫ್ ಸ್ಪ್ರಿಂಗಿಗೆ ಉಜ್ಜುತ್ತಿತ್ತು.

ಬದಿಗೆ 30ರಂತೆ ಒಟ್ಟು 60 ಮಿ.ಮೀ., ಅಂದರೆ ಇರುವ ಅಗಲದ ನೂರಕ್ಕೆ ಐದರಷ್ಟು. ಪವಾಡವೇನಲ್ಲ. ಆದರೆ ಕಂಪನಿಯ 90ಕ್ಕೂ ನಮ್ಮ 60ಕ್ಕೂ ಇರುವ ವ್ಯತ್ಯಾಸ ಬರೀ 30 ಅಲ್ಲ. ಅವರು ಆ್ಯಕ್ಸಲನ್ನೇ ಉದ್ದ ಮಾಡಿದರು, ಬೇರಿಂಗೂ ಚಕ್ರದ ಜೊತೆಗೆ ಹೊರಗೆ ಸರಿಯಿತು. ಸ್ಪೇಸರಿನಲ್ಲಿ ಬೇರಿಂಗ್ ಇದ್ದಲ್ಲೇ ಇರುತ್ತದೆ, ಚಕ್ರವೊಂದೇ ಹೊರಗೆ ಹೋಗುತ್ತದೆ. ತುಂಬಿದ ಕೊಡವನ್ನು ಸೊಂಟದಿಂದ ಎತ್ತಿ ಕೈ ಚಾಚಿ ಹಿಡಿದ ಹಾಗೆ: ನೀರು ಅಷ್ಟೇ, ನೋವು ಹೆಚ್ಚು.

ಮೇಸ್ತ್ರಿಯವರಿಗೆ ಇದನ್ನು ನಾನು ಹೇಳಬೇಕಾಗಿರಲಿಲ್ಲ. ಡಬ್ಬ ಬಿಚ್ಚುವುದಕ್ಕೂ ಬಿಡದೆ, "ಸಾರ್, ಮೊದಲು ಬೇರಿಂಗ್ ನೋಡೋಣ, ಇದನ್ನು ಆಮೇಲೆ ನೋಡೋಣ" ಎಂದು ಜಾಕಿ ಕೊಟ್ಟರು. ಚಕ್ರದ ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಿಸಿದರು. ಮುಂದಿನ ಎಡಗಡೆಯದು ಸಣ್ಣಗೆ ಟಕ್ ಎಂದಿತು. ಹಬ್ ಬಿಚ್ಚಿ, ಹಳೆಯ ಗ್ರೀಸ್ ಒರೆಸಿ ಹೊಸದು ತುಂಬಿ, ಬೇರಿಂಗಿನ ನಟ್ ಹದಕ್ಕೆ ತರುವಷ್ಟರಲ್ಲಿ ಅರ್ಧ ಬೆಳಗು ಮುಗಿದಿತ್ತು. ಆ ಹೊತ್ತು ದಂಡವೆಂದು ನನಗೆ ಅನಿಸಲಿಲ್ಲ.

ಸ್ಪೇಸರ್ 6061-ಟಿ6 ಎಂಬ ಗಟ್ಟಿ ಬಗೆಯ ಅಲ್ಯೂಮಿನಿಯಮ್. ಅಗ್ಗಕ್ಕೆ ಸಿಗುವ ಎರಕದವು ನನಗೆ ಬೇಡ. ಎರಕದ ಒಳಗೆ ಗಾಳಿಗುಳ್ಳೆಯಿದ್ದರೆ ಒಡೆದ ಮೇಲೆಯೇ ತಿಳಿಯುವುದು. ಜಿಪ್ಸಿಯ ಹಬ್ಬಿನಿಂದ ಹೊರಚಾಚಿರುವ, ನಟ್ ಹಾಕಿ ಬಿಗಿಯುವ ಐದು ಸ್ಟಡ್‌ಗಳು 139.7 ಮಿ.ಮೀ. ವ್ಯಾಸದ ವೃತ್ತದಲ್ಲಿವೆ. ಐದು ತೂತಿನ ಚಕ್ರದಲ್ಲಿ ಎದುರುಬದುರು ತೂತು ಇರುವುದಿಲ್ಲವಾದ್ದರಿಂದ ಅದನ್ನು ನೇರವಾಗಿ ಅಳೆಯಲಾಗದು. ಪಕ್ಕಪಕ್ಕದ ಎರಡು ತೂತುಗಳ ನಡುಮಧ್ಯದ ಅಂತರ 82.1 ಬಂದರೆ ಸರಿ. ವರ್ನಿಯರ್ ಹಿಡಿದು ನೋಡಿದೆ, ಬಂತು.

ಹಬ್ಬಿನ ಮುಖದ ತುಕ್ಕನ್ನು ತಂತಿ ಬ್ರಷ್ಷಿನಿಂದ ಲೋಹ ಹೊಳೆಯುವವರೆಗೆ ಉಜ್ಜಿದೆವು. ಒಂದು ಪದರ ತುಕ್ಕು ಉಳಿದರೂ ಸ್ಪೇಸರ್ ಸಮನಾಗಿ ಕೂರುವುದಿಲ್ಲ, ಓಡಿದಂತೆ ಆ ತುಕ್ಕು ಪುಡಿಯಾಗಿ ನಟ್ ಸಡಿಲವಾಗುತ್ತದೆ. ಸ್ಪೇಸರನ್ನು ಹಬ್ಬಿಗೆ ಬಿಗಿಯುವ ನಟ್ ಕೈಯಲ್ಲೇ ಹತ್ತು ಸುತ್ತು ಒಳಗೆ ಹೋಗಬೇಕು ಎಂಬುದು ಇನ್ನೊಂದು ಲೆಕ್ಕ: 12 ಮಿ.ಮೀ. ದಪ್ಪದ ಸ್ಟಡ್, ನಟ್ಟಿನ ಒಂದೊಂದು ಸುತ್ತೂ 1.25 ಮಿ.ಮೀ. ಒಳಗೆ, ಸ್ಟಡ್ಡಿನ ದಪ್ಪದಷ್ಟಾದರೂ ಹಿಡಿತ ಸಿಗಬೇಡವೇ? ಬಿಗಿದಾದ ಮೇಲೆ ಸ್ಪೇಸರಿನ ಮುಖಕ್ಕೆ ಅಡ್ಡಲಾಗಿ ಸ್ಟೀಲ್ ಸ್ಕೇಲ್ ಇಟ್ಟು ನೋಡಿದರೆ ಹಬ್ಬಿನ ಹಳೆಯ ಸ್ಟಡ್ಡಿನ ತುದಿಗಳು ಕೂದಲೆಳೆಯಷ್ಟು ಒಳಗಿದ್ದವು. ಹೊರಗೆ ಇಣುಕಿದ್ದರೆ ಚಕ್ರ ಸ್ಪೇಸರಿನ ಬದಲು ಆ ತುದಿಗಳ ಮೇಲೆ ಕೂರುತ್ತಿತ್ತು.

ಕಾನೂನಿನ ವಿಷಯವನ್ನೂ ಬರೆದುಬಿಡುತ್ತೇನೆ. ಕಂಪನಿಯ ವಿನ್ಯಾಸ ಮೀರಿ ಗಾಡಿಯನ್ನು ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪುವುದಿಲ್ಲ. 2019ರ ತಿದ್ದುಪಡಿಯ ಪ್ರಕಾರ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡವಿದೆ, ಆರು ತಿಂಗಳವರೆಗೆ ಜೈಲೂ ಆಗಬಹುದು. ಈ ಜಿಪ್ಸಿ ತೋಟದ ಗೇಟು ದಾಟುವುದಿಲ್ಲ. ದಿನವೂ ಹೆದ್ದಾರಿಯಲ್ಲಿ ಓಡಿಸುವವರು ನನ್ನನ್ನು ನೋಡಿ ಹಾಕಿಸಿಕೊಳ್ಳಬೇಡಿ.

ಸಂಜೆ ಕೊರಕಲಿನ ದಾರಿಯಲ್ಲಿ ಒಂದು ಸುತ್ತು ಹೋಗಿಬಂದೆ. ಓರೆಯಲ್ಲಿ ಧೈರ್ಯ ಬಂದಿದೆ, ಲೀಫ್ ಸ್ಪ್ರಿಂಗಿನ ಉಜ್ಜಾಟ ನಿಂತಿದೆ. ಬದಲಿಗೆ ಸ್ಟೀರಿಂಗ್ ಭಾರವಾಗಿದೆ, ಮುಂದಿನ ಚಕ್ರ ಕಲ್ಲಿಗೆ ಬಡಿದರೆ ಮೊದಲಿಗಿಂತ ಜೋರಾಗಿ ಒದೆಯುತ್ತದೆ. ಹೆಬ್ಬೆರಳನ್ನು ಸ್ಟೀರಿಂಗ್ ಬಳೆಯ ಒಳಗೆ ಸಿಕ್ಕಿಸಿ ಹಿಡಿಯಬಾರದೆಂದು ಡ್ರೈವರಿಗೆ ಹೇಳಿದ್ದೇನೆ. 80 ಕಿಲೋಮೀಟರ್ ಓಡಿದ ಮೇಲೆ ನಾಲ್ಕೂ ಚಕ್ರ ಕಳಚಿ, ಸ್ಪೇಸರನ್ನು ಹಿಡಿದಿರುವ ಒಳಗಿನ ನಟ್‌ಗಳನ್ನು ಟಾರ್ಕ್ ವ್ರೆಂಚಿನಲ್ಲಿ ಮತ್ತೆ ನೋಡಬೇಕು. ಚಕ್ರದ ಮರೆಯಲ್ಲಿರುವುದರಿಂದ ಹೊರಗಿನಿಂದ ಅವು ಕಾಣುವುದೇ ಇಲ್ಲ. ತೋಟದೊಳಗೆ ಅಷ್ಟು ಓಡಲು ಕಾಫಿ ಕೊಯ್ಲು ಶುರುವಾಗಬೇಕು.